ಓಬಳಯ್ಯನ ಅಂಕಿ

ನಲವತ್ತನೆಯ ಸುತ್ತು ಮುಗಿಯಿತು. ಸಣ್ಣರಂಗಯ್ಯ ಬಾಯಲ್ಲೇ 'ನಲವತ್ತೊಂದು' ಅಂದ. ಅಂದ ಕೂಡಲೇ ನಾಲಿಗೆ ತನ್ನ ಪಾಡಿಗೆ ತಾನು 'ಸಾವಿರದ ಏಳುನೂರ' ಎಂದು ಮುಂದುವರಿದು, ಇಪ್ಪತ್ತೋ ಮೂವತ್ತೋ ಎನ್ನುವಲ್ಲಿಗೆ ಬಂದು ತಡವರಿಸಿತು. ಕೈಯೂ ನಿಂತಿತು. ತಾಮ್ರದ ತಂತಿ ಬೆರಳ ಸಂದಿಯಲ್ಲಿ ಬೆಚ್ಚಗೆ ಹಾಗೇ ಉಳಿಯಿತು. ಬೆಳಿಗ್ಗೆಯಿಂದ ಇದು ಮೂರನೇ ಸಲ. ಮಧುಗಿರಿ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯ ಈ ಅಂಗಡಿಯಲ್ಲಿ ಸುಟ್ಟ ಮೋಟಾರುಗಳ ಕಾಯಿಲ್ ಬಿಚ್ಚಿ ಹೊಸದಾಗಿ ಸುತ್ತುತ್ತಲೇ ಅವನ ತಲೆ ನರೆತದ್ದು. ಎಣಿಸುವಾಗ ಅವನು ಯಾರ ಜೊತೆ ಬೇಕಾದರೂ ಮಾತಾಡಬಲ್ಲ, ಕಾಫಿ ಕುಡಿಯಬಲ್ಲ. ಅಪ್ಪ ತೀರಿಕೊಂಡ ಸುದ್ದಿಯನ್ನು ಫೋನಿನಲ್ಲಿ ಕೇಳುತ್ತಲೇ ಹಿಡಿದ ಕಾಯಿಲ್ ಪೂರ್ತಿ ಸುತ್ತಿ ಮುಗಿಸಿ ಆಮೇಲೆ ಎದ್ದಿದ್ದ, ಆ ನಾಚಿಕೆ ಇವತ್ತಿಗೂ ಒಳಗೆ ಎಲ್ಲೋ ಇದೆ. ಅಂಥವನು ಈಗ ತಂತಿಯನ್ನು ಬಿಚ್ಚಿ ಮತ್ತೆ ಒಂದರಿಂದ ಶುರುಮಾಡಿದ. ಸ್ಟೂಲಿನ ಮೇಲೆ ಕೂತಿದ್ದ ಪುರವರದ ಬೈರಪ್ಪ, ಮೋಟಾರು ಅವನದೇ, ಬಾಯಲ್ಲಿದ್ದ ಎಲೆಯಡಿಕೆಯನ್ನು ಬೀದಿಗೆ ಉಗಿದು ಬಂದು ಹೇಳಿದ: "ಏನ್ಲಾ ಸಣ್ಣರಂಗ, ಸುತ್ತಿದ್ದು ಬಿಚ್ತೀಯ, ಬಿಚ್ಚಿದ್ದು ಸುತ್ತೀಯ. ಗುಂಡು ಜಾಸ್ತಿ ಆಯ್ತಾ ಎಂಗೆ?"

ಸಣ್ಣರಂಗಯ್ಯ ಹುಟ್ಟಿದಾರಭ್ಯ ಒಂದು ಹನಿ ಕುಡಿದವನಲ್ಲ. ಆದರೆ ಊರಲ್ಲಿ ಅವನ ಹೆಸರು ಗುಂಡಿನ ಸಣ್ಣರಂಗ. ಮನೆಯ ಹಿಂದಿನ ಹಳೇ ರೇಷ್ಮೆಹುಳದ ಶೆಡ್ಡಿನಲ್ಲಿ ಅವನು ಕೂಡಿಹಾಕಿರುವ ಪಿನ್‌ಬಾಲ್ ಪೆಟ್ಟಿಗೆಗಳಿಗೆ ಜನ ಗುಂಡಿನ ಪೆಟ್ಟಿಗೆ ಅನ್ನುತ್ತಾರೆ, ಅದರಿಂದ ಬಂದ ಹೆಸರು. ಮಗಳು ಶೃತಿಯನ್ನು ನೋಡಲು ಬರಬೇಕಾಗಿದ್ದ ಕೊರಟಗೆರೆಯ ಗಂಡಿನ ಕಡೆಯವರು ಬಸ್ ಇಳಿದು ಟೀ ಅಂಗಡಿಯಲ್ಲಿ ವಿಚಾರಿಸಿ, 'ಓ, ಗುಂಡಿನ ಸಣ್ಣರಂಗನ ಮನೆಯಾ' ಎಂದು ಉತ್ತರ ಸಿಕ್ಕಿದ್ದೇ ಅಲ್ಲಿಂದಲೇ ವಾಪಸ್ಸು ಬಸ್ ಹತ್ತಿದ್ದರು. ಹೆಂಡತಿ ವನಜಾಕ್ಷಿ ಮಾಡಿದ್ದ ಉಪ್ಪಿಟ್ಟು ಮೂರು ಮನೆಗೆ ಹಂಚಬೇಕಾಯಿತು. ಅವತ್ತು ಅವಳು ಶೆಡ್ಡಿಗೆ ಹೋಗಿ ಅವನು ಒರೆಸುತ್ತಿದ್ದ ಪೆಟ್ಟಿಗೆಯ ಇಳಿಜಾರು ಗಾಜಿನ ಮೇಲೆ ಉಪ್ಪಿಟ್ಟಿನ ತಟ್ಟೆ ಇಟ್ಟು ಬಂದಳು, ತಟ್ಟೆ ಮೆಲ್ಲಗೆ ಜಾರಿ ಅವನ ಹೊಟ್ಟೆಗೆ ತಾಗಿ ನಿಂತಿತು.

ಯಾಕೆ ಕೂಡಿಸುತ್ತೀಯ ಅಂದರೆ ಅವನಿಗೆ ಹೇಳಲು ಬರುವುದಿಲ್ಲ. ನಾಲ್ಕು ಕಾಲಿನ ಮರದ ಪೆಟ್ಟಿಗೆ, ಇಳಿಜಾರು ಗಾಜಿನ ಕೆಳಗೆ ಒಂದು ಉಕ್ಕಿನ ಗುಂಡು. ಸ್ಪ್ರಿಂಗು ಎಳೆದು ಬಿಟ್ಟರೆ ಗುಂಡು ಮೇಲೇರಿ ರಬ್ಬರು ಸುತ್ತಿದ ಕಂಬಗಳಿಗೆ ಬಡಿದು, ಗಂಟೆ ಬಾರಿಸಿ, ಕೆಳಕ್ಕೆ ಜಾರುತ್ತದೆ. ಜಾರಿದ್ದನ್ನು ಎರಡು ಪುಟ್ಟ ರೆಕ್ಕೆಗಳಿಂದ ಮತ್ತೆ ಮೇಲಕ್ಕೆ ಹೊಡೆಯಬೇಕು. ಹೊಡೆದಷ್ಟೂ ಎದುರಿಗೆ ನೆಟ್ಟಗೆ ನಿಂತ ಚಿತ್ರದ ಗಾಜಿನ ಹಿಂದೆ ಅಂಕಿಯ ಉರುಳೆಗಳು ಕಟ್ ಕಟ್ ಎಂದು ತಿರುಗುತ್ತವೆ. ಚಿಪ್ಪಿಲ್ಲ, ಕಂಪ್ಯೂಟರಿಲ್ಲ, ಬರೀ ಕಾಯಿಲ್, ರಿಲೇ, ತಾಮ್ರ, ಅವನ ಕೈಗೆ ಗೊತ್ತಿರುವ ಸಾಮಾನು. ಬೋರ್‌ವೆಲ್ ಸ್ಟಾರ್ಟರಿನಲ್ಲಿ ನೀರು ಎತ್ತುವ ಅದೇ ಕಾಯಿಲ್ ಇಲ್ಲಿ ಏನನ್ನೂ ಎತ್ತುವುದಿಲ್ಲ, ಸುಮ್ಮನೆ ಗಂಟೆ ಹೊಡೆಯುತ್ತದೆ. ಅದನ್ನು ಮೊದಲ ಸಲ ಬಿಚ್ಚಿ ನೋಡಿದಾಗ ಅವನಿಗೆ ಅಳು ಬರುವಂತಾಗಿತ್ತು. ಸಿರಾದ ಬಿರಿಯಾನಿ ಹೋಟೆಲಿನಲ್ಲಿ ಒಂದನ್ನು ಮೇಜು ಮಾಡಿಕೊಂಡಿದ್ದರು. "ಲೇ ಜಾವ್ ಭಾಯ್, ಪ್ಲೇಟ್ ಇಟ್ರೆ ಗಿರಾಕಿ ತೊಡೆ ಮ್ಯಾಕೇ ಬರ್ತೈತೆ," ಎಂದು ಮಾಲೀಕ ಸಂತೋಷದಿಂದ ಕೊಟ್ಟ. ಸಿದ್ದರಬೆಟ್ಟದ ಕೆಳಗಿನ ವಸತಿಗೃಹವೊಂದರಲ್ಲಿ ಇನ್ನೊಂದು ಬೆಟ್ಟ ಹತ್ತುವವರ ಬೂಟಿನ ಸ್ಟ್ಯಾಂಡಾಗಿತ್ತು. ಕೂಡಿಸಿದ, ರಿಪೇರಿ ಮಾಡಿದ, ಒರೆಸಿದ. ಆಡಲಿಲ್ಲ. ಸಿರಾದ ಹೋಟೆಲಿನಲ್ಲೇ ಸರಿಮಾಡಿ ಪೆಟ್ಟಿಗೆಗೆ ಜೀವ ಬಂದಾಗ ಬಿರಿಯಾನಿ ಬಿಟ್ಟು ಎದ್ದುಬಂದ ಜನ 'ಆಡಿ ತೋರ್ಸಿ ಸಾಹೇಬ್' ಎಂದು ಸುತ್ತುಗಟ್ಟಿದ್ದರು. ಅವನು ಸ್ಪ್ರಿಂಗು ಎಳೆದು ಬಿಟ್ಟ ಗುಂಡು ಯಾವುದನ್ನೂ ಮುಟ್ಟದೆ, ಎರಡು ರೆಕ್ಕೆಗಳ ನಡುವೆ ಸಭ್ಯಸ್ಥನಂತೆ ನೇರವಾಗಿ ಇಳಿದು ಹೋಗಿತ್ತು. ಆ ನಗು ಅವನ ಕಿವಿಯಲ್ಲಿ ಇನ್ನೂ ಬಿಸಿಯಾಗಿದೆ.

"ಇವತ್ತು ಆಗಾಕಿಲ್ಲ ಬೈರಪ್ಪಣ್ಣ," ಎಂದು ಸಣ್ಣರಂಗಯ್ಯ ತಂತಿಯ ಉಂಡೆ ಕೆಳಗಿಟ್ಟ. "ಮನೆಗೆ ಒಬ್ಬರು ಬತ್ತಾವ್ರೆ. ನಾಳೆ ಮೊದಲ ಕೆಲಸ ನಿಂದೇ."

"ಯಾರ್ಲಾ ಬರೋರು?"

ಸತ್ತವನು ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡು ಅವನು ಅಂಗಡಿಯ ಬಾಗಿಲು ಎಳೆದ. ಬೀದಿಯ ಕೊನೆಯಲ್ಲಿ ಬೆಟ್ಟ ಎಂದಿನಂತೆ ಅರ್ಧ ಆಕಾಶ ತಿಂದು ಕೂತಿತ್ತು. ಕೋರ್ಟಿನ ಕಡೆಯಿಂದ ಕರಿ ಕೋಟಿನವರಿಬ್ಬರು ನಗುತ್ತ ಬಂದರು. ತನ್ನನ್ನೇ ನೋಡಿ ನಕ್ಕರು ಅನ್ನಿಸಿತು. ಭಾಷೆ ಕೊಟ್ಟು ತಪ್ಪಿದವನಿಗೆ ಯಾವ ಸೆಕ್ಷನ್ನು ಎಂದು ಅವರನ್ನು ಕೇಳಿದರೆ ಏನಂದಾರು? ಏನು ಭಾಷೆ ಅನ್ನುತ್ತಾರೆ. ಒಂದು ಅಂಕಿಯನ್ನು ಮುಟ್ಟುವುದಿಲ್ಲ ಅಂತ. ಯಾರಿಗೆ ಕೊಟ್ಟದ್ದು? ಪಾವಗಡದ ಆಚೆ, ಆಂಧ್ರದ ಗಡಿಗೆ ಕೂಗಳತೆಯ ಊರಿನ ಮುದ್ದಕ್ಕನಿಗೆ. ತಮ್ಮನ ಮನೆಯ ನಡುಮನೆಯಲ್ಲಿ ಅವಳು ಪೆಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಅವನ ಬಲಗೈಯನ್ನು ತನ್ನೆರಡು ಕೈಯಲ್ಲಿ ಹಿಡಿದುಕೊಂಡಿದ್ದಳು, ಕೈ ತೊಗಟೆಯಂತಿತ್ತು. ದುಡ್ಡು ಬ್ಯಾಡ ನಾಯ್ನಾ, ನನ್ನ ತಮ್ಮನ ಮಗನಿಗೆ ಮದುವೆ, ಮಂಚ ಹಾಕಾಕೆ ಜಾಗ ಇಲ್ಲ, ಅದಕ್ಕೇ ಇದನ್ನ ಕಳಿಸ್ತಿರೋದು, ಇಲ್ಲದಿದ್ರೆ ನಾನು ಕಳಿಸ್ತಿದ್ನಾ. ನೀನು ಕರೆಂಟು ಕೊಡಬಾರದು, ಅದನ್ನ ಮುಟ್ಟಬಾರದು. 'ಅದನ್ನ' ಅಂದಾಗ ಅವಳು ಗದ್ದವನ್ನಷ್ಟೇ ಮೇಲೆತ್ತಿ ತೋರಿಸಿದ್ದಳು.

ಎದುರು ಗಾಜಿನಲ್ಲಿ ಮೀನಿನ ಮೇಲೆ ಸವಾರಿ ಮಾಡುತ್ತಿದ್ದ ಒಬ್ಬ ವಿಲಾಯಿತಿ ಹೆಂಗಸಿನ ಚಿತ್ರ. ಅವಳ ಮೈಮೇಲೆ ಬಟ್ಟೆ ಸಾಲದೆಂದು ಮುದ್ದಕ್ಕ ಯಾವ ಕಾಲದಲ್ಲೋ ಕೆಂಪು ಉಗುರುಬಣ್ಣದಿಂದ ತುಂಬುತೋಳಿನ ರವಿಕೆ ಬರೆದಿದ್ದಳು. ಆ ರವಿಕೆಯ ಮೇಲಿನ ಕಿಟಕಿಗಳಲ್ಲಿ ಅಂಕಿ ನಿಂತಿತ್ತು. ಅವಳ ಗಂಡ ಓಬಳಯ್ಯ ಈ ಪೆಟ್ಟಿಗೆಯನ್ನು ಗಾಡಿಯಲ್ಲಿ ಹೇರಿಕೊಂಡು ಹಿಂದೂಪುರ, ಪೆನುಕೊಂಡ, ಸಿರಾ ಎಂದು ಎಲ್ಲಿ ಎಕ್ಸಿಬಿಷನ್ನು ನಡೆದರೆ ಅಲ್ಲಿ ಆಡಿಸಿದವನು. ಜನ ಫೋನು ಹಿಡಿದ ಮೇಲೆ ಆಡುವವರಿಲ್ಲದೆ ಮನೆಗೆ ತಂದಿಟ್ಟು ತಾನೊಬ್ಬನೇ ಆಡುತ್ತಿದ್ದ. ಒಂದು ಸಂಜೆ ನಡುಮನೆಯಿಂದ ಕೂಗಿದ: ಲೇ ಮುದ್ದೀ, ಬಾರೇ ಇಲ್ಲಿ, ಬಂದು ನೋಡೇ. ಅವಳು ಮುದ್ದೆ ತೊಳಸುತ್ತಿದ್ದಳು, ಬಿಟ್ಟರೆ ಗಂಟಾಗುತ್ತದೆ. ತಾಳು ಅಂದಳು. ಮುದ್ದೆ ಕಟ್ಟಿ, ಕೈ ತೊಳೆದು ಹೋದಾಗ ಓಬಳಯ್ಯ ಗೋಡೆಗೆ ಒರಗಿ ಕೂತು ಅಂಕಿಯ ಕಡೆ ಬೆರಳು ತೋರಿಸಿ ನಕ್ಕ. ಬೆಳಿಗ್ಗೆ ಏಳಲಿಲ್ಲ. ಕರೆಂಟು ಹೋದರೂ ಈ ಉರುಳೆಗಳು ನಿಂತಲ್ಲೇ ನಿಲ್ಲುತ್ತವೆ. ಮತ್ತೊಬ್ಬ ಹೊಸ ಆಟ ಶುರುಮಾಡುವತನಕ ಹೋದವನ ಅಂಕಿ ಹಾಗೇ ಇರುತ್ತದೆ. ಮುದ್ದಕ್ಕ ವೈರನ್ನು ಕತ್ತರಿಸಿ ಒಲೆಗೆ ಹಾಕಿದಳು. ಊರಿನಲ್ಲಿ ಗಂಡನ ಫೋಟೋಕ್ಕೆ ಹಾರ ಹಾಕುವವರಿದ್ದರು, ಅವಳು ಅಂಕಿಗೆ ದೀಪ ಹಚ್ಚಿದಳು. ಆಯ್ತಮ್ಮ, ಮುಟ್ಟಲ್ಲ, ಅಂದಿದ್ದ ಸಣ್ಣರಂಗಯ್ಯ. ಮತ್ತೆ ಅವನ ಎಡೆಯ ದಿನ ನಾನು ಬತ್ತೀನಿ, ನಿಮ್ಮನೇಲೇ ಎಡೆ ಇಡ್ತೀನಿ. ಆಯ್ತಮ್ಮ. ಆಗ ಅವನು ಅಂದದ್ದೆಲ್ಲ ಆಯ್ತಮ್ಮ.

ಕೆಟ್ಟದ್ದು ಮಿಡಿಗೇಶಿ ದಾಟಿದ ಮೇಲೆ. ಬೈಲಪ್ಪನ ಟೆಂಪೋ ಒಂದು ಹಂಪಿನ ಮೇಲೆ ಹಾರಿ ಬಿದ್ದಾಗ ಹಿಂದೆ ಪೆಟ್ಟಿಗೆಯೊಳಗೆ 'ಕಟ್' ಎಂದು ಒಂದು ಸದ್ದು ಕೇಳಿದ್ದು ಅವನಿಗೊಬ್ಬನಿಗೇ. "ಏನೂ ಆಗಿಲ್ಲ ಬುಡಿ ಸಾ, ಹಗ್ಗ ಬಿಗಿಯಾಗೈತೆ," ಅಂದ ಬೈಲಪ್ಪ. ಆದರೆ ಆ ಸದ್ದು ಸಣ್ಣರಂಗಯ್ಯನಿಗೆ ಗೊತ್ತು: ಹತ್ತರ ಉರುಳೆ ಒಂದು ಹಲ್ಲು ಮುಂದೆ ಹೋದ ಸದ್ದು. ಮನೆಗೆ ಬಂದು ಹೊದಿಕೆ ತೆಗೆದು ನೋಡಿದರೆ 41,730. ಇದ್ದದ್ದು ಇಪ್ಪತ್ತಲ್ಲವೇ? ಹೊರಡುವ ಮುಂಚೆ ಅಲ್ಲಿ ನಡುಮನೆಯಲ್ಲೇ ಫೋಟೋ ತೆಗೆದುಕೊಂಡದ್ದು ನೆನಪಾಗಿ ಫೋನು ತೆಗೆದ. ಫೋಟೋದಲ್ಲಿ ರವಿಕೆಯಿತ್ತು, ಮೀನಿತ್ತು, ನಾಲ್ಕು, ಒಂದು, ಏಳು, ಕೊನೆಯ ಸೊನ್ನೆ ಎಲ್ಲ ಇತ್ತು. ಹತ್ತರ ಕಿಟಕಿ ಇರಬೇಕಾದ ಕಡೆ ಮಾತ್ರ ಗಾಜಿನಲ್ಲಿ ಬಿದ್ದ ಅವನದೇ ಮುಖ, ಫೋನು ಹಿಡಿದುಕೊಂಡು ಬಾಯಿ ತೆರೆದಿರುವ ಮುಖ, ಅಂಕಿಯ ಮೇಲೆ ಕೂತಿತ್ತು. ದೊಡ್ಡದು ಮಾಡಿ ನೋಡಿದ. ತನ್ನ ಮೂಗು ದೊಡ್ಡದಾಯಿತು. ಆವತ್ತಿನಿಂದ ಈವತ್ತಿನವರೆಗೆ ಆ ಮೂಗಿನ ಹಿಂದೆ ಏನಿದೆ ಎಂದು ಅವನು ಎಷ್ಟು ಸಲ ನೋಡಿದ್ದಾನೋ. ವನಜಾಕ್ಷಿ ಒಮ್ಮೆ ಹಿಂದಿನಿಂದ ಬಂದು ಇಣುಕಿ, "ನಿಮ್ಮನ್ನ ನೀವೇ ಇಷ್ಟೊತ್ತು ನೋಡ್ಕೊಳೋದು ನಾನು ಕಂಡಿರ್ಲಿಲ್ಲ," ಅಂದಿದ್ದಳು.

ಸರಿಮಾಡುವುದು ಕಷ್ಟವಿರಲಿಲ್ಲ, ಅದೇ ಕಷ್ಟ. ಹಿಂದಿನ ಹಲಗೆ ತೆಗೆದು ಉರುಳೆಯ ಹಲ್ಲನ್ನು ಬೆರಳಿಂದ ಒಂದೊಂದೇ ತಳ್ಳಿದರೆ ಸಾಕು. ಹಿಂದಕ್ಕೆ ತಿರುಗದು, ಮುಂದಕ್ಕೇ ಒಂದು ಸುತ್ತು ಹಾಕಿಸಿ ಇಪ್ಪತ್ತಕ್ಕೆ ತರಬೇಕು. ತಂದ. ಆದರೆ ಅದು ಈಗ ಯಾರ ಇಪ್ಪತ್ತು? ಓಬಳಯ್ಯ ಗುಂಡು ಹೊಡೆದು ಗಳಿಸಿದ ಇಪ್ಪತ್ತೋ, ತನ್ನ ಬೆರಳು ತಂದು ನಿಲ್ಲಿಸಿದ ಇಪ್ಪತ್ತೋ? ಸತ್ತವನ ಬಾಯಿಗೆ ತಾನು ಮಾತು ತುರುಕಿದ ಹಾಗೆ. ಹಾಗಾದರೆ ಟೆಂಪೋ ತಂದ ಮೂವತ್ತೇ ಮೇಲು, ಅದು ಯಾರ ಕೈಯೂ ಅಲ್ಲ. ತಿರುಗಿ ಮೂವತ್ತು ಮಾಡಿದ. ಮರುದಿನ ಇಪ್ಪತ್ತು. ಅಂಗಡಿಗೆ ಹೋಗುವ ಮುಂಚೆ ಒಂದು, ಬಂದ ಮೇಲೆ ಒಂದು. ಒಂದು ದಿನ ಬೇರೆ ಏನೂ ತೋಚದೆ ಇಡೀ ಪೆಟ್ಟಿಗೆಯ ರಿಲೇಗಳ ತುದಿಗಳನ್ನೆಲ್ಲ ಉಜ್ಜಿ, ಹೊಸ ರಬ್ಬರು ಹಾಕಿ, ಹೊಸ ವೈರು ಕಟ್ಟಿ, ಕರೆಂಟಿಗೆ ಮಾತ್ರ ಹಾಕದೆ ಬಿಟ್ಟ, ಸಿಂಗಾರ ಮುಗಿಸಿ ಹಸೆಗೆ ಕರೆಯದೆ ಕೂರಿಸಿದ ಮದುಮಗಳಂತೆ. ಇವತ್ತು ಬೆಳಿಗ್ಗೆ ಕೊನೆಗೆ ಇಪ್ಪತ್ತಕ್ಕೆ ನಿಲ್ಲಿಸಿ ಹಲಗೆ ಬಿಗಿದು ಬಂದಿದ್ದಾನೆ. ಇದ್ದದ್ದು ಇಪ್ಪತ್ತೇ. ನೂರಕ್ಕೆ ನೂರು. ತೊಂಬತ್ತು.

ಮನೆಗೆ ಬಂದಾಗ ಮುದ್ದಕ್ಕ ಆಗಲೇ ಬಂದು ವನಜಾಕ್ಷಿಯ ಜೊತೆ ಹಿತ್ತಿಲಲ್ಲಿ ಕೂತಿದ್ದಳು. ಸೀರೆಯ ಸೆರಗಿನಲ್ಲಿ ಬಸ್ಸಿನ ಟಿಕೆಟ್ಟು ಗಂಟು ಹಾಕಿದ್ದಳು, ಪಕ್ಕದಲ್ಲಿ ಬಟ್ಟೆ ಮುಚ್ಚಿದ ಬುಟ್ಟಿ. ಈ ಇಬ್ಬರು ಹೆಂಗಸರು ಸೇರಿದರೆ ತನ್ನ ಮರ್ಯಾದೆ ಏನಾದೀತು ಎಂದು ಅವನು ಹೆದರಿದ್ದ. ಅವರು ಗಂಡಸರ ವಿಷಯ ಬಿಟ್ಟು ಕಜ್ಜಾಯದ ಪಾಕದ ವಿಷಯ ಮಾತಾಡುತ್ತಿದ್ದರು. "ಬಂದ್ಯಾ ನಾಯ್ನಾ. ಚೆನ್ನಾಗಿದೀಯಾ? ಸೊರಗಿದೀಯಲ್ಲ," ಅಂದಳು. ಅವನು ಮುಂದೆ ಹೋಗಿ ಶೆಡ್ಡಿನ ಬಾಗಿಲು ತೆಗೆದ. ಶೆಡ್ಡಿನಲ್ಲಿ ಮುದ್ದಕ್ಕ ಬಾಳೆಲೆ ಹಾಸಿ ಒಂದೊಂದೇ ಇಟ್ಟಳು: ವಡೆ, ಕಜ್ಜಾಯ, ಹುರಿದ ಕೋಳಿ, ಒಂದು ಕಟ್ಟು ಬೀಡಿ, ಕೊನೆಗೆ ಬುಟ್ಟಿಯ ತಳದಿಂದ ಒಂದು ಕ್ವಾರ್ಟರ್ ಬಾಟಲಿ ಬ್ರಾಂದಿ. "ಅವನಿಗೆ ಗುಂಡು ಅಂದ್ರೆ ಎರಡೂ ಇಷ್ಟ," ಎಂದು ವಿವರಿಸಿದಳು. ಬ್ರಾಂದಿಯನ್ನು ಅವಳು ಗಾಜಿನ ಮೇಲಿಡಲು ಹೋದಾಗ, ಅದು ಒಳಗಿನ ವೈರಿಂಗಿಗೆ ಚೆಲ್ಲಿದರೆ ಎಂದು ಸಣ್ಣರಂಗಯ್ಯನ ಕೈ ತಾನಾಗಿ ಮುಂದೆ ಹೋಯಿತು. ಬಾಟಲಿ ಹಿಡಿದುಕೊಂಡು ನಿಂತ. ಹೆಂಡತಿ ನೋಡುತ್ತಿದ್ದಳು. ಇಷ್ಟು ವರ್ಷದ ಅಪವಾದ ಕೊನೆಗೂ ಅವನ ಕೈ ಸೇರಿದಂತಿತ್ತು.

ಮುದ್ದಕ್ಕ ಊದುಕಡ್ಡಿ ಹಚ್ಚಿ ತಲೆಯೆತ್ತಿದಳು. ನೋಡಿದಳು. ಕಣ್ಣು ಕಿರಿದು ಮಾಡಿದಳು. ಊದುಕಡ್ಡಿ ಹಿಡಿದ ಕೈ ಗಾಳಿಯಲ್ಲಿ ನಿಂತಿತು.

"ಇದ್ಯಾಕೆ ಇಪ್ಪತ್ತಾಗೈತೆ?"

ಅವನಿಗೆ ಅರ್ಥವಾಗಲಿಲ್ಲ. ಇಪ್ಪತ್ತೇ ಅಲ್ವಮ್ಮ ಇದ್ದದ್ದು, ಅಂದ. ದನಿ ಯಾರದೋ ಆಗಿತ್ತು.

"ಮೂವತ್ತು ನಾಯ್ನಾ. ದಿನಾ ದೀಪ ಹಚ್ಚಿ ನೋಡಿವ್ನಿ. ನನ್ನ ಗಂಡನ ಮುಖ ಮರೆತೇನು, ಇದನ್ನ ಮರೀತೀನಾ? ನಲವತ್ತೊಂದು ಸಾವಿರದ ಏಳುನೂರ ಮೂವತ್ತು."

ಹಾಗಾದರೆ ಮಿಡಿಗೇಶಿಯ ಹಂಪಿನಲ್ಲಿ ಏನೂ ಆಗಿರಲಿಲ್ಲ. ಹಗ್ಗ ಬಿಗಿಯಾಗಿಯೇ ಇತ್ತು. ಬೈಲಪ್ಪ ಸತ್ಯವನ್ನೇ ಹೇಳಿದ್ದ. ಓಬಳಯ್ಯನ ಅಂಕಿ ಇಡೀ ದಾರಿ ಒಂದು ಕೂದಲೂ ಕದಲದೆ ಬಂದು, ತಾನು ಸರಿಮಾಡಲು ಹೋದ ಕ್ಷಣದಲ್ಲಿ, ತನ್ನ ಕೈಯಲ್ಲಿ, ಅಷ್ಟು ಸಲ ಸತ್ತಿತ್ತು. ಅವನು ಬ್ರಾಂದಿ ಬಾಟಲಿ ಹಿಡಿದುಕೊಂಡೇ ಎಲ್ಲ ಹೇಳಿದ. ಹಂಪು, ಸದ್ದು, ಫೋಟೋ, ಮೂಗು, ಹಲಗೆ, ಬೆರಳು, ಇಪ್ಪತ್ತು ಮೂವತ್ತು ಇಪ್ಪತ್ತು. ಹೇಳಿದಷ್ಟೂ ಹಗುರಾಗುತ್ತ, ನಡುನಡುವೆ ತನ್ನ ಪ್ರಾಮಾಣಿಕತೆಗೆ ತಾನೇ ಸ್ವಲ್ಪ ಹೆಮ್ಮೆಪಡುತ್ತ. ಮುದ್ದಕ್ಕ ಬೈಯಲಿಲ್ಲ. ಊದುಕಡ್ಡಿಯನ್ನು ಬಾಳೆಹಣ್ಣಿಗೆ ಚುಚ್ಚಿ ಸಣ್ಣ ದನಿಯಲ್ಲಿ ಕೇಳಿದಳು:

"ಅಂಗಂದ್ರೆ ಅದನ್ನ ಬೆರಳಲ್ಲೇ ತಿರುಗಿಸಬೌದಾ?"

"ಹೂಂ. ಹಿಂದಿನ ಹಲಗೆ ತೆಗೆದ್ರೆ..."

"ಆಡದೇನೇ?"

ಅವಳು ಕೇಳುತ್ತಿರುವುದು ಏನೆಂದು ಅವನಿಗೆ ಹೊಳೆಯುವಷ್ಟರಲ್ಲಿ ತಡವಾಗಿತ್ತು. ಅವಳ ಮುಖದಲ್ಲಿ ಏನೋ ಒಂದು ಜರುಗಿ ಬೇರೆ ಜಾಗದಲ್ಲಿ ನಿಂತಿತ್ತು. "ಅವನ ಹತ್ರ ಹಲಗೆ ಬಿಚ್ಚೋ ಸ್ಕ್ರೂಡ್ರೈವರು ಯಾವಾಗಲೂ ಸೊಂಟದಾಗೇ ಇರ್ತಿತ್ತು," ಅಂದಳು. "ಇಪ್ಪತ್ತು ಸಾವಿರದ ಮ್ಯಾಕೆ ಅವನು ಯಾವತ್ತೂ ಹೋದೋನಲ್ಲ. ಆಟು ವರ್ಷ ಆಡಿದ್ರೂ ಇಪ್ಪತ್ತು ದಾಟ್ಲಿಲ್ಲ. ಅವತ್ತೊಂದಿನ ಕೂಗಿದ. ನಾನು ಹೋಗ್ಲಿಲ್ಲ. ಹೋದಾಗ ಬೆರಳು ತೋರಿಸಿ ನಗ್ತಾ ಕುಂತಿದ್ದ." ಅವಳು ರವಿಕೆಯ ಹೆಂಗಸನ್ನು ದಿಟ್ಟಿಸಿದಳು. "ನಾನು ಬರಾಕಿಲ್ಲ ಅಂತ ಸಿಟ್ಟಿಗೆ ತಿರುಗಿಸಿ ಇಟ್ನಾ? ತಮಾಷೆಗೆ ಮಾಡಿದ್ನಾ? ದೇವುಡಾ, ಒಂದು ಸುಳ್ಳಿಗೆ ನಾನು ಈಟು ವರ್ಷ ಎಣ್ಣೆ ಸುಟ್ನಾ?"

"ಇಲ್ಲಾ ಅಮ್ಮ!" ಸಣ್ಣರಂಗಯ್ಯ ಕೂಗಿಯೇಬಿಟ್ಟ. ಮುಖವನ್ನೇ ನೋಡದ ಒಬ್ಬ ಮನುಷ್ಯನ ಮಾನ ಇದ್ದಕ್ಕಿದ್ದಂತೆ ತನ್ನ ಮಾನವಾದದ್ದು ಅವನಿಗೇ ವಿಚಿತ್ರವೆನ್ನಿಸಿತು. "ಅವರು ಆಡೇ ತಂದಿದ್ದು. ನಂಗೊತ್ತು."

"ನಿಂಗೆಂಗೆ ಗೊತ್ತು? ನೀನಿದ್ಯಾ?"

ಇರಲಿಲ್ಲ. ಯಾರೂ ಇರಲಿಲ್ಲ. ಇದ್ದ ಒಬ್ಬಳು ಮುದ್ದೆ ತೊಳಸುತ್ತಿದ್ದಳು. ಅವನು ಪೆಟ್ಟಿಗೆಯ ಕಡೆ ನೋಡಿದ, ಅದರ ಹೊಟ್ಟೆಯೊಳಗಿನ ಪ್ರತಿ ತಂತಿಯೂ ಅವನಿಗೆ ಗೊತ್ತು, ಅದರಲ್ಲಿ ಒಂದೂ ಸಾಕ್ಷಿ ಹೇಳುವುದಿಲ್ಲ. "ಈ ಪೆಟ್ಟಿಗೇಲಿ ಅಷ್ಟು ಬರತ್ತೆ ಅಮ್ಮ. ಬರೋ ಹಂಗೇ ಮಾಡಿದ್ದಾರೆ."

"ಅಂಗಾದ್ರೆ ತಂದು ತೋರ್ಸು," ಅಂದಳು ಮುದ್ದಕ್ಕ.

"ಆಡಿದ್ರೆ ಆ ಅಂಕಿ ಹೊರಟೋಗತ್ತಮ್ಮ. ಮೊದಲು ಸೊನ್ನೆ ಆಗತ್ತೆ."

"ಅದೀಗ ನಿಂದು. ಅವನ್ದೆಲ್ಲೈತೆ? ಹಾಕು ಕರೆಂಟು."

ಅವನು ಬಾಟಲಿಯನ್ನು ಎಲೆಯ ಪಕ್ಕ ಇಟ್ಟು ಪ್ಲಗ್ಗು ಹಾಕಿದ. ಒಮ್ಮೆ ಫ್ಯೂಸು ಹೋಯಿತು, ಬದಲಿಸಿದ. ಶುರುವಿನ ಗುಂಡಿ ಒತ್ತಿದ್ದೇ ಪೆಟ್ಟಿಗೆ ಮೈಮುರಿದು ಎದ್ದಿತು: ದೀಪಗಳು, ಒಳಗೆಲ್ಲೋ ಗರಗರ, ಉರುಳೆಗಳು ಒಂದೊಂದಾಗಿ ಉರುಳಿ ಸೊನ್ನೆಯಾಗುತ್ತ ಹೋದವು. ನಾಲ್ಕು ಹೋಯಿತು, ಏಳು ಹೋಯಿತು. ಮುದ್ದಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಸಣ್ಣರಂಗಯ್ಯ ಸ್ಪ್ರಿಂಗು ಎಳೆದು ಬಿಟ್ಟ. ಗುಂಡು ಮೇಲೇರಿ, ಎರಡು ಕಂಬ ಸವರಿ, ಸಿರಾದಲ್ಲಿ ಹೋದ ಹಾಗೆಯೇ ಎರಡು ರೆಕ್ಕೆಗಳ ನಡುವೆ ಸಭ್ಯವಾಗಿ ಇಳಿದು ಹೋಯಿತು. ಒಂದು ಆಟಕ್ಕೆ ಐದು ಗುಂಡು, ಐದೂ ಹಾಗೇ. ಎರಡು ಸಾವಿರದ ಚಿಲ್ಲರೆ. "ನೋಡಿದ್ಯಾ," ಅಂದಳು ಮುದ್ದಕ್ಕ, ಗೆದ್ದವಳ ಹಾಗಲ್ಲ, ಕೈಬಿಟ್ಟವಳ ಹಾಗೆ. ಅವನು ಮತ್ತೆ ಗುಂಡಿ ಒತ್ತಿದ. ಮೂರು ಸಾವಿರ. ಮತ್ತೆ. ವನಜಾಕ್ಷಿ ಬಾಗಿಲಲ್ಲಿ ನಿಂತು, "ರೀ, ಬಲಗಡೆ ರೆಕ್ಕೆ ಯಾಕೆ ಸುಮ್ನೆ ಸುಮ್ನೆ ಬಡೀತೀರಾ, ಗುಂಡು ಬರೋತಂಕ ತಾಳಿ," ಅಂದಳು. ಅವನು ತಾಳಿದ. ಗುಂಡು ರೆಕ್ಕೆಯ ತುದಿಗೆ ಬಂದಾಗ ಒತ್ತಿದ. ಅದು ಮೇಲಕ್ಕೆ ಚಿಮ್ಮಿ ಎಡಮೂಲೆಯ ಕಂಬಕ್ಕೆ ಬಡಿದು ಘಣ್ಣೆಂದಿತು. ಆ ಶಬ್ದ ಅವನ ಮೊಣಕೈವರೆಗೆ ಬಂತು.

ಮಧ್ಯಾಹ್ನ ಸರಿದದ್ದು ಅವನಿಗೆ ತಿಳಿಯಲಿಲ್ಲ. ಪಾವಗಡದ ಬಸ್ಸು ಹೋಯಿತು ಎಂದು ಯಾರೋ ಅಂದರು, ಇನ್ನೊಂದಿದೆ ಎಂದು ಯಾರೋ ಅಂದರು. ಎಡೆಯ ಕೋಳಿ ಆರಿತು. ಆಡುತ್ತ ಆಡುತ್ತ ಕೈ ಯೋಚಿಸುವುದನ್ನು ಬಿಟ್ಟಿತು. ಯಾವ ಗುರಿಗೆ ತಾಗಿದರೆ ಒಳಗೆ ಯಾವ ರಿಲೇ ಮುಚ್ಚುತ್ತದೆ, ಅದು ಯಾವ ದೀಪವನ್ನು ಎಬ್ಬಿಸುತ್ತದೆ ಎಂದು ತಾನು ಉಜ್ಜಿ ಉಜ್ಜಿ ತಿಳಿದುಕೊಂಡದ್ದೆಲ್ಲ ಈಗ ಗಾಜಿನ ಮೇಲುಗಡೆಯಿಂದ ಕಾಣತೊಡಗಿತು. ಎಲ್ಲ ದೀಪ ಹತ್ತಿದರೆ ನಡುವಿನ ಕಂಬ ಹತ್ತರ ಬದಲು ನೂರು ಕೊಡುತ್ತದೆ. ಓಬಳಯ್ಯನಿಗೆ ಇದು ಗೊತ್ತಿತ್ತೇ? ಇಪ್ಪತ್ತು ಸಾವಿರದ ಹತ್ತಿರ ವರ್ಷಗಟ್ಟಲೆ ಒದ್ದಾಡಿದ ಮನುಷ್ಯ ಅವತ್ತು ಸಂಜೆ ಹೀಗೇ ಬಾಗಿ ನಿಂತಿದ್ದಾಗ, ಒಳಗಿನಿಂದ ಮುದ್ದೆಯ ವಾಸನೆ ಬರುತ್ತಿದ್ದಾಗ, ಎಲ್ಲ ದೀಪವೂ ಹತ್ತಿಕೊಂಡದ್ದು ಕಂಡು 'ಲೇ ಮುದ್ದೀ' ಎಂದು ಕೂಗಿರಬೇಕು. ಕೈ ಬಿಡುವ ಹಾಗಿಲ್ಲ, ತಿರುಗಿ ನೋಡುವ ಹಾಗಿಲ್ಲ, ಬರಲಿ ಬರಲಿ ಎಂದು ಗುಂಡನ್ನು ಮೇಲೆ ಮೇಲೆ ಹೊಡೆಯುತ್ತ ಕಾದಿರಬೇಕು. ಅವಳು ಬರಲೆಂದೇ ಅಷ್ಟು ಹೊತ್ತು ಆಡಿರಬೇಕು. ಹದಿನೆಂಟು ಸಾವಿರ. ಮುಂದಿನ ಆಟ ಆರೇ ಸಾವಿರ. ಅದರ ಮುಂದಿನದರಲ್ಲಿ ಮೂರನೇ ಗುಂಡಿಗೇ ಇಪ್ಪತ್ತೈದು ದಾಟಿತು. ಮುದ್ದಕ್ಕ ಎದ್ದು ಬಂದು ಪಕ್ಕದಲ್ಲಿ ನಿಂತಳು. ಅವಳ ಉಸಿರು ಅವನ ಭುಜಕ್ಕೆ ತಾಗುತ್ತಿತ್ತು.

ನಾಲ್ಕನೇ ಗುಂಡು ಮೂವತ್ತೆರಡಕ್ಕೆ ಬಿತ್ತು. ಐದನೆಯದು, ಕೊನೆಯದು, ಬೀಳಲೇ ಇಲ್ಲ. ಮೂವತ್ತಾರು. ಮೂವತ್ತೊಂಬತ್ತು. ಘಣ್ ಘಣ್ ಘಣ್ ಎಂದು ಶೆಡ್ಡು ತುಂಬಿಹೋಯಿತು. "ಬತ್ತಾ ಐತೆ," ಅಂದಳು ಮುದ್ದಕ್ಕ, "ಬತ್ತಾ ಐತೆ ನಾಯ್ನಾ, ಬತ್ತಾ ಐತೆ." ನಲವತ್ತು ತಿರುಗಿದಾಗ ವನಜಾಕ್ಷಿ ಚಪ್ಪಾಳೆ ಹೊಡೆದಳು, ಮದುವೆಯಾದ ಮೇಲೆ ಅವನು ಮಾಡಿದ ಯಾವ ಕೆಲಸಕ್ಕೂ ಅವಳು ಚಪ್ಪಾಳೆ ಹೊಡೆದದ್ದಿಲ್ಲ. ಅವನ ಎದೆಯಲ್ಲಿ ನಾಚಿಕೆಗೇಡಿನ ಒಂದು ಸುಖ ಎದ್ದಿತು. ನಲವತ್ತೊಂದು. ನಲವತ್ತೊಂದು ಸಾವಿರದ ಐನೂರು. ಆರುನೂರು. ಗುಂಡು ಬದಿಯ ಗುರಿಗಳನ್ನು ಸವರಿಕೊಂಡು ಹತ್ತು ಹತ್ತು ಕೂಡಿಸುತ್ತ ಆರುನೂರ ತೊಂಬತ್ತಕ್ಕೆ ಬಂದು, ಕಂಬದಿಂದ ಸಿಡಿದು, ಅವನ ಬಲರೆಕ್ಕೆಯ ಮೇಲೆ ಪಳಗಿದ ಪ್ರಾಣಿಯ ಹಾಗೆ ಬಂದು ಕೂತಿತು. ಅವನು ರೆಕ್ಕೆಯನ್ನು ಎತ್ತಿದ ಹಾಗೇ ಹಿಡಿದ. ನಡುವಿನ ಕಂಬ ಎದುರಿಗೇ, ನೂರರ ದೀಪ ಹೊತ್ತಿಸಿಕೊಂಡು ಕಾಯುತ್ತಿದೆ. ಒಂದು ಹೊಡೆತ, ಏಳುನೂರ ತೊಂಬತ್ತು. ಆಗ ಅವನಿಗೆ ಕಂಡಿತು: ಆ ಒಂದು ಹೊಡೆತದಿಂದ ಓಬಳಯ್ಯ ಸುಳ್ಳುಗಾರನಲ್ಲ ಎಂದಾಗುತ್ತದೆ, ಮತ್ತು ಓಬಳಯ್ಯ ಸೋಲುತ್ತಾನೆ. ತನ್ನ ಎಡೆಯ ದಿನ, ತನ್ನ ಹೆಂಡತಿಯ ಕಣ್ಣೆದುರು, ತನ್ನದೇ ಪೆಟ್ಟಿಗೆಯಲ್ಲಿ. ಬಿಟ್ಟುಬಿಡಬೇಕು, ಗುಂಡು ಇಳಿದು ಹೋಗಲಿ ಅಂದುಕೊಂಡ. ಬೆರಳು ಕೇಳಲಿಲ್ಲ. ಇಷ್ಟು ವರ್ಷ ಒರೆಸಿದ್ದು, ಉಜ್ಜಿದ್ದು, ನಗಿಸಿಕೊಂಡದ್ದು ಎಲ್ಲ ಆ ಒಂದು ಬೆರಳಿಗೆ ಬಂದು ಕೂತಿತ್ತು, ಅದು ಹೊಡೆಯಬೇಕು, ಹೊಡೆದೇ ಹೊಡೆಯುತ್ತದೆ.

"ಸಾಕು," ಅಂದಳು ಮುದ್ದಕ್ಕ.

ಅವನಿಗೆ ಕೇಳಿಸಿತು, ಕೇಳಿಸದವನಂತೆ ರೆಕ್ಕೆ ಇಳಿಸಿದ. ಗುಂಡು ತುದಿಯ ಕಡೆ ಜಾರತೊಡಗಿತು. ಮುದ್ದಕ್ಕ ಎರಡು ಕೈಯಲ್ಲೂ ಪೆಟ್ಟಿಗೆಯ ಮಗ್ಗುಲು ಹಿಡಿದು, ಕೊಂಬೆಯಿಂದ ಹುಣಸೆಹಣ್ಣು ಉದುರಿಸುವವಳಂತೆ ಒಂದೇ ಸಲ ಜಾಡಿಸಿದಳು. ಮೀನು ಸವಾರಿಯ ಹೆಂಗಸಿನ ಕಾಲ ಬಳಿ ಒಂದು ಕೆಂಪು ದೀಪ ಹತ್ತಿತು. ಗಂಟೆ, ದೀಪ, ರೆಕ್ಕೆ ಎಲ್ಲ ಒಟ್ಟಿಗೆ ಸತ್ತವು. ಆಡುವವನು ಪೆಟ್ಟಿಗೆಯನ್ನು ಅಲ್ಲಾಡಿಸಿ ಮೋಸಮಾಡಿದರೆ ಆಟ ಅಲ್ಲಿಗೇ ಮುಗಿಯುವಂತೆ ಒಳಗೊಂದು ತೂಗುಗುಂಡು ಇಟ್ಟಿರುತ್ತಾರೆ. ಸಣ್ಣರಂಗಯ್ಯ ರೆಕ್ಕೆಯ ಗುಂಡಿ ಒತ್ತಿದ, ಮತ್ತೆ ಒತ್ತಿದ. ಸತ್ತ ರೆಕ್ಕೆಗಳ ನಡುವೆ ಗುಂಡು ಅವಸರವಿಲ್ಲದೆ ಇಳಿದು ಹೋಯಿತು. ಎದುರಿನ ಕಿಟಕಿಗಳಲ್ಲಿ 41,690.

ಅವನು ಸಿಟ್ಟಿನಿಂದ ಅವಳ ಕಡೆ ತಿರುಗಿದ. ನಿಜವಾದ ಸಿಟ್ಟು, ಕಣ್ಣಲ್ಲಿ ನೀರು ಬರುವಂಥದು. ಮುದ್ದಕ್ಕ ಅವನನ್ನು ನೋಡಲೇ ಇಲ್ಲ. ಬೆವರಿದ ಮುಖವನ್ನು ಸೆರಗಿನಿಂದ ಒರೆಸಿಕೊಂಡು ಅಂಕಿಯನ್ನು ಒಂದೊಂದಾಗಿ ಓದಿಕೊಂಡಳು.

"ಈಟು ಬಂದ್ಮ್ಯಾಕೆ ಆಟೂ ಬತ್ತದೆ," ಅಂದಳು. "ಮಿಕ್ಕಿದ್ದು ಅವನ್ದು."

ಆಮೇಲೆ ಅವಳು ಎಲೆಯ ಮುಂದೆ ಕೂತು, ನೆಲಕ್ಕೆ ಹಣೆ ಮುಟ್ಟಿಸಿ, ಎಡೆಯಿಂದ ಒಂದು ವಡೆ ಮುರಿದು ಸಣ್ಣರಂಗಯ್ಯನ ಕೈಗೆ ಕೊಡಲು ಬಂದಳು. ಅವನ ಎರಡು ಕೈಯೂ ಇನ್ನೂ ಪೆಟ್ಟಿಗೆಯ ಪಕ್ಕದ ಗುಂಡಿಗಳನ್ನೇ ಒತ್ತಿಕೊಂಡಿದ್ದವು, ಬಿಡಿಸಿಕೊಳ್ಳಲು ಆಗುತ್ತಿರಲಿಲ್ಲ. "ಬಾಯಿ ತೆಗಿ," ಅಂದಳು. ಅವನು ತೆಗೆದ. ವಡೆ ಗಟ್ಟಿಯಾಗಿತ್ತು, ಖಾರವಾಗಿತ್ತು. ಅವನು ಅಗಿಯುತ್ತಿರುವಾಗಲೇ ಮುದ್ದಕ್ಕ ವನಜಾಕ್ಷಿಯ ಕಡೆ ತಿರುಗಿ, ಪಾವಗಡದ ಕೊನೇ ಬಸ್ಸಿಗೆ ಸೀಟು ಸಿಗತ್ತೇನಮ್ಮ, ನಿಂತು ಹೋಗಾಕೆ ಇವತ್ತು ಕಾಲಾಗೆ ಶಕ್ತಿ ಇಲ್ಲ, ಎಂದು ವಿಚಾರಿಸತೊಡಗಿದಳು.